ಹಾಡಿ, ಲೈನ್‌ಮನೆಗಳಲ್ಲಿ ಆರೋಗ್ಯ ಶಿಬಿರ ನಡೆಸುವ ಟ್ರಸ್ಟ್: ರೋಗಿಗಳ ಮಾಹಿತಿ ಹೊರಗೆ ಹೋಗದಂತೆ ಏನು ಮಾಡಬೇಕು?

ಹಾರಂಗಿ ದಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕುಶಾಲನಗರ, ಸೋಮವಾರಪೇಟೆ, ಪೊನ್ನಂಪೇಟೆ ಕಡೆ ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆ), ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿ) ಕೆಲಸ ಮಾಡುವ ಸಣ್ಣ ಆರೋಗ್ಯ ಟ್ರಸ್ಟ್ ನಮ್ಮದು. ಸಂಬಳಕ್ಕೆ ಇರುವವರು ಇಬ್ಬರು ನರ್ಸ್‌ಗಳು, ಒಬ್ಬ ಲೆಕ್ಕದವರು. ಉಳಿದವರು ಸ್ವಯಂಸೇವಕರು. ಬಿ.ಪಿ., ಶುಗರ್ ನೋಡುತ್ತೇವೆ. ಎರಡು ವಾರ ದಾಟಿದ ಕೆಮ್ಮು ಇದ್ದವರನ್ನು ಕಫ ಪರೀಕ್ಷೆಗೆ ಕಳಿಸುತ್ತೇವೆ. ಸಿಕಲ್ ಸೆಲ್ (ರಕ್ತದ ಆನುವಂಶಿಕ ಕಾಯಿಲೆ) ತಪಾಸಣೆಗೆ ಆರೋಗ್ಯ ಇಲಾಖೆಯವರ ಜೊತೆ ಹೋಗುತ್ತೇವೆ. ಡಯಾಲಿಸಿಸ್‌ಗೆ ಓಡಾಡುವವರಿಗೆ ಬಸ್ ಖರ್ಚು ಕೊಡುತ್ತೇವೆ.

ಈಗಿನ ಕ್ರಮ ಹೀಗಿದೆ. ಶಿಬಿರದ ಮೇಜಿನ ಮೇಲೆ ಒಂದು ಉದ್ದ ನೋಟ್‌ಬುಕ್. ಅದರಲ್ಲಿ ಹೆಸರು, ಊರು, ವಯಸ್ಸು, ಫೋನ್, ಆಧಾರ್ ಸಂಖ್ಯೆ, ಕಾಯಿಲೆ, ಕೊನೆಯಲ್ಲಿ ಸಹಿ. ಸಂಜೆ ಯಾರಾದರೂ ಆ ಪುಟಗಳ ಫೋಟೋ ತೆಗೆದು ಸ್ವಯಂಸೇವಕರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಇನ್ನೊಬ್ಬರು ಅದನ್ನು ನೋಡಿ ಗೂಗಲ್ ಶೀಟ್‌ಗೆ ಏರಿಸುತ್ತಾರೆ. ಆಧಾರ್ ಜೆರಾಕ್ಸ್‌ಗಳು ಕಚೇರಿಯ ರಟ್ಟಿನ ಪೆಟ್ಟಿಗೆಯಲ್ಲಿವೆ.

ಇದು ಸರಿಯಿಲ್ಲ ಅನ್ನುವುದು ಗೊತ್ತು. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತಿಲ್ಲ. ಹೊಸ ಡೇಟಾ ಕಾನೂನು ನಮ್ಮಂಥ ಸಣ್ಣ ಟ್ರಸ್ಟ್‌ಗೂ ಅನ್ವಯಿಸುತ್ತದೆಯೇ? ಹಣ ಹೆಚ್ಚಿಲ್ಲ, ಹಾಡಿಗಳಲ್ಲಿ ನೆಟ್‌ವರ್ಕ್ ಇಲ್ಲ, ಮಳೆಗಾಲದಲ್ಲಿ ಕಚೇರಿಯಲ್ಲೇ ಕರೆಂಟ್ ಇರುವುದಿಲ್ಲ. ಇದನ್ನೆಲ್ಲ ಲೆಕ್ಕಕ್ಕಿಟ್ಟು ಹೇಳಿದರೆ ಉಪಕಾರ.

---

ಬೆಟ್ಟದ ನೆಲ್ಲಿ ಉತ್ತರ:

ಸಾಫ್ಟ್‌ವೇರ್ ವಿಷಯ ಆಮೇಲೆ ಇರಲಿ, ಮೊದಲು ಆ ನೋಟ್‌ಬುಕ್‌ನ ಕಾಲಮ್‌ಗಳನ್ನು ಕಡಿಮೆ ಮಾಡಿ. ನಿಮ್ಮ ಹತ್ತಿರ ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾಗದು, ಯಾರೂ ಬಾಯಿ ತಪ್ಪಿ ಆಡಲಾರರು. ಕೊಡಗಿನಲ್ಲಿ ರೋಗಿಗಳ ಗುಟ್ಟು ಹೋಗುವುದು ದೂರದ ಹ್ಯಾಕರ್ ಕೈಗಲ್ಲ. ಪಕ್ಕದ ಲೈನಿನವರಿಗೆ, ತೋಟದ ರೈಟರ್‌ಗೆ (ಗುಮಾಸ್ತರಿಗೆ), ಹುಡುಗಿ ನೋಡಲು ಬರುವ ನೆಂಟರಿಗೆ ಹೋಗುತ್ತದೆ. ಹಾನಿ ಆಗುವುದೂ ಅಲ್ಲೇ.

ಪ್ರತಿ ಕಾಲಮ್‌ಗೂ ಒಂದೇ ಪ್ರಶ್ನೆ ಕೇಳಿ: ಇದಿಲ್ಲದಿದ್ದರೆ ಈ ವ್ಯಕ್ತಿಗೆ ಮಾಡುವ ಯಾವ ಕೆಲಸ ನಿಲ್ಲುತ್ತದೆ? ಬಿ.ಪಿ. ನೋಡಲು ಆಧಾರ್ ಬೇಡ. ಜಾತಿ ಬೇಡ. ಹುಟ್ಟಿದ ದಿನಾಂಕ ಬೇಡ, ವಯಸ್ಸು ಸಾಕು. ಬಸ್ ಖರ್ಚು ಕೊಡಲು ಬ್ಯಾಂಕ್ ಖಾತೆ ಬೇಕು, ಆದರೆ ಅದು ಲೆಕ್ಕದವರ ಕಡತದಲ್ಲಿ ಮಾತ್ರ ಇರಬೇಕು. ಸರ್ಕಾರಿ ಯೋಜನೆಗೆ ಗುರುತಿನ ಚೀಟಿ ಬೇಕೇ ಬೇಕು ಅಂದಾಗ ನೋಡಿ, ವಾಪಸ್ ಕೊಟ್ಟು, ‘ನೋಡಲಾಗಿದೆ’ ಅಂತ ಬರೆದುಕೊಳ್ಳಿ. ಪ್ರತಿ ಇಟ್ಟುಕೊಳ್ಳಲೇಬೇಕಾದರೆ ಮಾಸ್ಕ್ ಮಾಡಿದ ಆಧಾರ್ ತೆಗೆದುಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಆಧಾರ್ ಕೊಡುವ ಯುಐಡಿಎಐ ಜಾಲತಾಣದಿಂದಲೇ ಸಿಗುತ್ತದೆ.

ಆಮೇಲೆ ಪುಸ್ತಕವನ್ನು ಎರಡು ಮಾಡಿ. ಮೊದಲನೆಯದರಲ್ಲಿ ಹೆಸರು, ಊರು, ಫೋನ್ ಮತ್ತು ಒಂದು ಕೋಡ್. ಎರಡನೆಯದರಲ್ಲಿ ಅದೇ ಕೋಡ್, ವಯಸ್ಸು, ಬಿ.ಪಿ., ಶುಗರ್, ಔಷಧಿ. ಮೊದಲನೆಯದು ಹಿರಿಯ ನರ್ಸ್ ಬಳಿ ಬೀಗದಲ್ಲಿರಲಿ. ಶಿಬಿರದ ಮೇಜಿನಲ್ಲಿ ಓಡಾಡುವುದು ಎರಡನೆಯದು ಮಾತ್ರ. ಒಂದು ಕಳೆದುಹೋದರೂ ಅದೊಂದರಿಂದಲೇ ಯಾರಿಗೆ ಏನಾಗಿದೆ ಅಂತ ತಿಳಿಯದು.

ಕೋಡ್ ಮಾಡುವಾಗ ಬಹಳ ಕಡೆ ಎಡವುತ್ತಾರೆ. ಹೆಸರಿನ ಮೊದಲಕ್ಷರ, ಊರು, ಹುಟ್ಟಿದ ವರ್ಷ ಸೇರಿಸಿ ಕೋಡ್ ಮಾಡಿದರೆ ಅದು ಹೆಸರೇ ಆಯಿತು. ನಮ್ಮಲ್ಲಂತೂ ಮನೆಹೆಸರಿನ ಎರಡು ಅಕ್ಷರ ಕಂಡರೆ ಯಾವ ಒಕ್ಕ (ಕೊಡವ ಮನೆತನ), ಯಾವ ಊರು ಅಂತ ಗೊತ್ತಾಗುತ್ತದೆ. ಬರೀ ಕ್ರಮಸಂಖ್ಯೆ ಕೊಡಿ, ಬರೆಯುವಾಗಿನ ತಪ್ಪು ಹಿಡಿಯಲು ಕೊನೆಗೊಂದು ತಾಳೆ ಅಂಕಿ ಸೇರಿಸಿ. ನಾಲ್ಕು ಅಂಕಿಗಳನ್ನು ಕ್ರಮವಾಗಿ 5, 4, 3, 2ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ ಉಳಿದದ್ದು ತಾಳೆ ಅಂಕಿ. 0428 ಆದರೆ 0+16+6+16=38, ಶೇಷ 5, ಆದ್ದರಿಂದ ಕೋಡ್ 0428-5. ಯಾರಾದರೂ ಅವಸರದಲ್ಲಿ 0482-5 ಅಂತ ಬರೆದರೆ ಅದರ ಶೇಷ 0 ಬರಬೇಕಿತ್ತು, ಅಲ್ಲೇ ತಪ್ಪು ಸಿಕ್ಕಿತು. ಶೇಷ 10 ಬರುವ ಸಂಖ್ಯೆಗಳನ್ನು ಯಾರಿಗೂ ಕೊಡಬೇಡಿ. ಒಬ್ಬರ ಫಲಿತಾಂಶ ಇನ್ನೊಬ್ಬರ ಕೈಗೆ ಹೋಗುವುದಕ್ಕೆ ಒಂದು ಕಾರಣ ಹೀಗೆ ಅದಲುಬದಲಾದ ಅಂಕಿಗಳು.

ಸಹಿ ಕಾಲಮ್ ಅದೇ ಪುಟದಲ್ಲಿದ್ದರೆ ಸಹಿ ಹಾಕುವವರು ಮೇಲಿನ ಹದಿನೈದು ಮಂದಿಯ ಕಾಯಿಲೆ ಓದಿಕೊಂಡೇ ಹೋಗುತ್ತಾರೆ. ಸಹಿಗೆ ಒಬ್ಬರಿಗೊಂದು ಚೀಟಿ ಮಾಡಿ. ಸರದಿಗೆ ಟೋಕನ್ ಕೊಡಿ, ಹೆಸರು ಕೂಗಬೇಡಿ. ಬಿ.ಪಿ. ನೋಡಿದವರು ಅಂಕಿಯನ್ನು ಬರೆಯುವವರಿಗೆ ಕೂಗಿ ಹೇಳುವ ಅಭ್ಯಾಸ ಎಲ್ಲ ಶಿಬಿರಗಳಲ್ಲೂ ಇದೆ, ಅದು ನಿಲ್ಲಲಿ. ಬರೆದ ಚೀಟಿಯನ್ನು ಕೈಗೆ ಕೊಟ್ಟರಾಯಿತು. ಅಂಗನವಾಡಿಯ ಒಂದೇ ಕೋಣೆಯಲ್ಲಿ ಶಿಬಿರವಾದರೆ ಸರದಿಯ ಬೆಂಚು ಹೊರಗಿನ ಜಗಲಿಯಲ್ಲಿರಲಿ. ಮಾತಾಡುವ ಮೇಜು ಬಾಗಿಲಿಂದ ದೂರದ ಮೂಲೆಗೆ, ರೋಗಿಯ ಬೆನ್ನು ಸರದಿಯ ಕಡೆಗೆ. ಒಂದು ಸೀರೆ ಕಟ್ಟಿದರೂ ಪರದೆ ಆಗುತ್ತದೆ.

ಫೋನ್ ವಿಷಯ. ಲೈನ್‌ಮನೆಯಲ್ಲಿ ಕೊಡುವ ನಂಬರ್ ಅನೇಕ ಸಲ ಮೇಸ್ತ್ರಿಯದ್ದೋ ಪಕ್ಕದ ಮನೆಯವರದ್ದೋ ಆಗಿರುತ್ತದೆ. ಕೊಯ್ಲು ಮುಗಿಸಿ ಹೊರಟವರ ಸಿಮ್ ನಿಂತುಹೋದರೆ, 90 ದಿನಗಳ ನಂತರ ಆ ನಂಬರನ್ನು ಕಂಪನಿ ಇನ್ನೊಬ್ಬರಿಗೆ ಕೊಡಬಹುದು. ಆದ್ದರಿಂದ ಬರೆದುಕೊಳ್ಳುವಾಗಲೇ ‘ಇದು ಯಾರ ಫೋನು? ಸಂದೇಶ ಕಳಿಸಬಹುದೇ? ಕರೆ ಮಾಡಿದರೆ ಏನಂತ ಹೇಳಲಿ?’ ಅಂತ ಕೇಳಿ. ಕರೆ ಮಾಡಿದಾಗ ಆ ವ್ಯಕ್ತಿಯೇ ಫೋನಿಗೆ ಬರುವವರೆಗೆ ಟ್ರಸ್ಟಿನ ಹೆಸರನ್ನೂ ಹೇಳಬೇಡಿ. ‘ಗುರುವಾರ ಬರಲಿಕ್ಕೆ ಹೇಳಿ’ ಅನ್ನುವಷ್ಟು ಸಾಕು. ಸಂದೇಶದಲ್ಲಿ ಕಾಯಿಲೆ, ಪರೀಕ್ಷೆ, ಔಷಧಿಯ ಹೆಸರು ಬರಲೇಬಾರದು.

ಇನ್ನೊಂದು ಯಾರೂ ಗಮನಿಸದ ಜಾಗ ಇದೆ, ಬ್ಯಾಂಕ್ ವರ್ಗಾವಣೆಯ ಷರಾ. ಅಲ್ಲಿ ‘ಡಯಾಲಿಸಿಸ್’, ‘ಟಿ.ಬಿ. ಸಹಾಯ’ ಅಂತ ಬರೆದರೆ ಅದು ಅವರ ಪಾಸ್‌ಬುಕ್‌ನಲ್ಲಿ ಅಚ್ಚಾಗುತ್ತದೆ. ಆ ಪಾಸ್‌ಬುಕ್ಕನ್ನು ಮನೆಮಂದಿ, ಸಂಘದವರು, ಸಾಲ ಕೊಡುವವರು ಎಲ್ಲ ನೋಡುತ್ತಾರೆ. ‘ನೆರವು’ ಅಂತ ಬರೆಯಿರಿ ಅಥವಾ ಕೋಡ್ ಹಾಕಿ.

---

ಮಡಿಕೇರಿ ಮಂಜು ಉತ್ತರ:

ಬೆಟ್ಟದ ನೆಲ್ಲಿಯವರು ಹೇಳಿದ್ದು ಮೊದಲು ಆಗಲಿ. ಕಂಪ್ಯೂಟರ್ ಕಡೆಯದ್ದನ್ನು ನಾನು ಹೇಳುತ್ತೇನೆ.

ವಾಟ್ಸಾಪ್‌ಗೆ ಪುಟದ ಫೋಟೋ ಹಾಕುವುದನ್ನು ಇವತ್ತೇ ನಿಲ್ಲಿಸಿ. ಸಂದೇಶ ಹೋಗುವ ದಾರಿಯಲ್ಲಿ ಗೂಢಲಿಪಿ (ಎನ್‌ಕ್ರಿಪ್ಶನ್) ಇರುವುದು ನಿಜ, ಆದರೆ ತೊಂದರೆ ಇರುವುದು ತಲುಪಿದ ಮೇಲೆ. ಫೋಟೋ ಎಲ್ಲರ ಗ್ಯಾಲರಿಯಲ್ಲಿ ತಾನಾಗಿ ಉಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಆ ಫೋಲ್ಡರ್‌ಗೆ ಬ್ಯಾಕಪ್ ಹಾಕಿಕೊಂಡಿದ್ದರೆ ಅವರ ಸ್ವಂತ ಖಾತೆಗೂ ಏರುತ್ತದೆ. ಗುಂಪಿನಿಂದ ಆಚೆ ಹೋದವರ ಫೋನಿನಲ್ಲೂ ಹಾಗೇ ಇರುತ್ತದೆ. ‘ಎಲ್ಲರಿಗೂ ಅಳಿಸು’ ಒತ್ತಿದರೆ ಚಾಟ್‌ನಿಂದ ಹೋಗುತ್ತದೆ, ಉಳಿಸಿಕೊಂಡ ಅಥವಾ ಮುಂದಕ್ಕೆ ಕಳಿಸಿದ ಪ್ರತಿ ಹೋಗುವುದಿಲ್ಲ. ಗುಂಪು ಇರಲಿ, ಅದರಲ್ಲಿ ಶಿಬಿರದ ಜಾಗ, ಹೊತ್ತು, ಜೀಪು ಯಾರದು ಅನ್ನುವಷ್ಟೇ ಇರಲಿ. ಹಳೆಯ ಫೋಟೋಗಳನ್ನು ಪ್ರತಿಯೊಬ್ಬರೂ ಗ್ಯಾಲರಿ, ಅದರ ಕಸದ ಬುಟ್ಟಿ, ಗೂಗಲ್ ಫೋಟೋಸ್ ಮೂರರಿಂದಲೂ ಅಳಿಸಬೇಕು. ಒಂದು ಭಾನುವಾರ ಎಲ್ಲರನ್ನೂ ಕೂರಿಸಿ ಒಟ್ಟಿಗೆ ಮಾಡಿಸುವುದೇ ಒಳ್ಳೆಯದು. ಅಳಿಸಿ ಅಂತ ಸಂದೇಶ ಕಳಿಸಿದರೆ ಅರ್ಧ ಜನ ಮಾಡುವುದಿಲ್ಲ.

ರೋಗಿಗಳನ್ನೇ ಸೇರಿಸಿ ಗುಂಪು ಮಾಡಿದ್ದೀರಾದರೆ (ಡಯಾಲಿಸಿಸ್‌ನವರಿಗೆ ಹೀಗೆ ಮಾಡುವುದುಂಟು) ಅದನ್ನೂ ಮುಚ್ಚಿ. ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ, ಗುಂಪಿನ ಹೆಸರೇ ಕಾಯಿಲೆ ಹೇಳುತ್ತದೆ. ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಅದರಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ, ಅದನ್ನು ನೋಂದಣಿ ಹೊತ್ತಿಗೇ ಮಾಡಿಸಿ.

ಗೂಗಲ್ ಶೀಟ್‌ನಲ್ಲಿ ‘ಲಿಂಕ್ ಇರುವ ಯಾರಾದರೂ’ ಅನ್ನುವ ಆಯ್ಕೆ ಆನ್ ಆಗಿದೆಯೇ ನೋಡಿ. ಅದಿದ್ದರೆ ಆ ಲಿಂಕ್ ಹೋದಲ್ಲೆಲ್ಲ ಪಟ್ಟಿ ಬಾಗಿಲು ತೆರೆದಿಟ್ಟ ಹಾಗೆ. ಅದನ್ನು ‘ನಿರ್ಬಂಧಿತ’ಕ್ಕೆ ಬದಲಿಸಿ, ಬೇಕಾದವರ ಇಮೇಲ್ ಮಾತ್ರ ಸೇರಿಸಿ. ಶೀಟ್ ಯಾರ ಖಾತೆಯಲ್ಲಿದೆ ಅನ್ನುವುದು ಅಷ್ಟೇ ಮುಖ್ಯ. ಸ್ವಯಂಸೇವಕ ಹುಡುಗನೊಬ್ಬನ ಸ್ವಂತ ಜಿಮೇಲ್‌ನಲ್ಲಿದ್ದರೆ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ರೋಗಿಗಳ ಪಟ್ಟಿಯೂ ಅವನ ಜೊತೆ ಹೋಯಿತು. ಟ್ರಸ್ಟ್ ಹೆಸರಲ್ಲಿ ಖಾತೆ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಒಟಿಪಿ ಬರುವ ಸಿಮ್ ಕೂಡ ಟ್ರಸ್ಟ್‌ನದ್ದೇ ಆಗಿರಲಿ, ಕಚೇರಿಯ ಬೀರುವಿನಲ್ಲಿರಲಿ. ಗೂಗಲ್ ಫಾರ್ಮ್ ಬಳಸುತ್ತಿದ್ದರೆ ‘ಫಲಿತಾಂಶಗಳ ಸಾರಾಂಶ ತೋರಿಸು’ ಅನ್ನುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಫಾರ್ಮ್ ತುಂಬಿದ ಯಾರು ಬೇಕಾದರೂ ಹಿಂದಿನವರ ಉತ್ತರ ನೋಡಬಹುದು.

ನೆಟ್‌ವರ್ಕ್ ಇಲ್ಲದ ಹಾಡಿಗಳಿಗೆ ಫಾರ್ಮ್ ತುಂಬುವ ಆ್ಯಪ್‌ಗಳಾದ ಒಡಿಕೆ ಕಲೆಕ್ಟ್ ಅಥವಾ ಕೋಬೋ ನೋಡಿ. ಎರಡೂ ಆಫ್‌ಲೈನ್‌ನಲ್ಲಿ ತುಂಬಿಕೊಳ್ಳುತ್ತವೆ, ಪೇಟೆಗೆ ಬಂದ ಮೇಲೆ ಕಳಿಸಿದರಾಯಿತು. ಫಾರ್ಮ್‌ಗೆ ಸಾರ್ವಜನಿಕ ಕೀಲಿ ಸೇರಿಸಿ ಗೂಢಲಿಪಿ ಮಾಡುವ ಸೌಲಭ್ಯ ಇದೆ. ಫಾರ್ಮನ್ನು ಅಂತಿಮಗೊಳಿಸಿದ ಕ್ಷಣದಿಂದ ಆ ಫೋನಿನಲ್ಲೂ ಯಾರೂ ಓದಲಾರರು, ಕಚೇರಿಯ ಖಾಸಗಿ ಕೀಲಿಯಿಂದ ಮಾತ್ರ ತೆರೆಯಬಹುದು. ಎರಡು ಎಚ್ಚರಿಕೆ: ಕರಡಾಗಿ ಉಳಿಸಿದ ಫಾರ್ಮ್‌ಗಳಿಗೆ ಈ ರಕ್ಷಣೆ ಇಲ್ಲ. ಖಾಸಗಿ ಕೀಲಿ ಕಳೆದರೆ ಡೇಟಾ ಯಾರಿಗೂ ಸಿಗದು, ಅದರ ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ.

ಎಕ್ಸೆಲ್‌ನಲ್ಲಿ ಜನ ಸಾಮಾನ್ಯವಾಗಿ ಮೋಸ ಹೋಗುವ ಜಾಗಗಳು: ಕಾಲಮ್ ಬಚ್ಚಿಟ್ಟು ಕಳಿಸಿದರೆ ತೆರೆದವರು ಒಂದು ಕ್ಲಿಕ್‌ನಲ್ಲಿ ನೋಡುತ್ತಾರೆ. ‘ಶೀಟ್ ಪ್ರೊಟೆಕ್ಟ್’ ಅನ್ನುವುದು ಬೀಗವಲ್ಲ, ತಿದ್ದುವುದನ್ನು ತಡೆಯುತ್ತದೆ ಅಷ್ಟೇ. ಪೂರ್ತಿ ಫೈಲಿಗೆ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಹಾಕಬೇಕು. ಪಿವಟ್ ಟೇಬಲ್ (ಪಟ್ಟಿಯಿಂದ ಮಾಡಿದ ಸಾರಾಂಶ) ಮಾತ್ರ ಕಳಿಸಿದೆವು ಅಂದುಕೊಂಡರೂ ಅದರ ಒಳಗೆ ಮೂಲ ಪಟ್ಟಿ ಅಡಗಿರುತ್ತದೆ, ಮೊತ್ತದ ಮೇಲೆ ಎರಡು ಸಲ ಒತ್ತಿದರೆ ಹೊರಬರುತ್ತದೆ. ಹೊರಗೆ ಕಳಿಸುವ ಅಂಕಿಗಳನ್ನು ಹೊಸ ಫೈಲಿನಲ್ಲಿ ಮೌಲ್ಯವಾಗಿ ಅಂಟಿಸಿ ಕಳಿಸಿ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರ ಹಾಗೇ ಇರುತ್ತದೆ, ನಕಲು ಮಾಡಿ ಅಂಟಿಸಿದರೆ ಓದಬಹುದು.

ಲ್ಯಾಪ್‌ಟಾಪ್ ಡಿಸ್ಕ್‌ಗೆ ಗೂಢಲಿಪಿ ಹಾಕಿ. ವಿಂಡೋಸ್‌ನದೇ ಆದ ಬಿಟ್‌ಲಾಕರ್ ಪೂರ್ತಿಯಾಗಿ ಸಿಗುವುದು ವಿಂಡೋಸ್ ಪ್ರೊದಲ್ಲಿ. ಹೋಮ್ ಆವೃತ್ತಿ ಆದರೆ ವೆರಾಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ಬ್ಯಾಕಪ್ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಊರಿನಾಚೆ. ಊರಿನಾಚೆ ಅಂದರೆ ಘಟ್ಟ ಇಳಿದ ಮೇಲೆ. 2018ರ ಆಗಸ್ಟ್‌ನ ಭೂಕುಸಿತದ ಹಾಗೆ ರಸ್ತೆ, ಕರೆಂಟ್, ನೆಟ್‌ವರ್ಕ್ ಒಟ್ಟಿಗೆ ಹೋದಾಗ ಮಡಿಕೇರಿಯ ಪ್ರತಿಯೂ ಸುಂಟಿಕೊಪ್ಪದ ಪ್ರತಿಯೂ ಒಂದೇ ಸ್ಥಿತಿಯಲ್ಲಿರುತ್ತವೆ. ಮೈಸೂರಿನ ಟ್ರಸ್ಟಿ ಒಬ್ಬರ ಲಾಕರ್‌ನಲ್ಲಿ ಗೂಢಲಿಪಿ ಮಾಡಿದ ಹಾರ್ಡ್ ಡಿಸ್ಕ್ ಇಡಿ, ಪಾಸ್‌ವರ್ಡ್ ಬೇರೆಯವರ ಬಳಿ ಇರಲಿ. ಮೂರು ತಿಂಗಳಿಗೊಮ್ಮೆ ಒಂದು ಫೈಲನ್ನಾದರೂ ವಾಪಸ್ ತೆರೆದು ನೋಡಿ.

ಕಾಗದಕ್ಕೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯದೆ ಇರದು. ಸ್ಟೀಲ್ ಬೀರು, ನೆಲದಿಂದ ಮೇಲೆ, ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಬಾಲ್ ಪೆನ್ ಬಳಸಿ, ಜೆಲ್ ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ. ಒದ್ದೆಯಾದ ರಿಜಿಸ್ಟರನ್ನು ಜಗಲಿಯಲ್ಲಿ ಹರಡಿ ಒಣಗಿಸಬೇಡಿ, ಒಳಕೋಣೆಯಲ್ಲಿ ಫ್ಯಾನ್ ಕೆಳಗೆ ಒಣಗಿಸಿ. ರದ್ದಿಗೆ ಹಾಕುವುದಂತೂ ಬೇಡವೇ ಬೇಡ. ಆ ಜೆರಾಕ್ಸ್‌ಗಳನ್ನು ಅಡ್ಡ ಕತ್ತರಿಸುವ ಶ್ರೆಡರ್‌ನಲ್ಲಿ ಹಾಕಿ, ಅಥವಾ ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆಸಿ ಕಲಸಿಬಿಡಿ.

---

ಹಾರಂಗಿ ದಡ:

ಇಬ್ಬರಿಗೂ ಧನ್ಯವಾದ. ಶೀಟ್ ‘ಲಿಂಕ್ ಇರುವ ಯಾರಾದರೂ’ ಅಂತಲೇ ಇತ್ತು, ಈಗ ಬದಲಿಸಿದ್ದೇವೆ.

ಇನ್ನೆರಡು ಪ್ರಶ್ನೆ. ಶಿಬಿರಕ್ಕೆ ಜಾಗ, ಜೀಪು ಕೊಡುವ ತೋಟದವರು ಕೊನೆಗೆ ‘ನಮ್ಮ ಲೈನಿನಲ್ಲಿ ಯಾರಿಗೆ ಟಿ.ಬಿ. ಇದೆ, ಪಟ್ಟಿ ಕೊಡಿ’ ಅನ್ನುತ್ತಾರೆ. ದಾನಿಗಳು ಫಲಾನುಭವಿಗಳ ಫೋಟೋ, ಊರು ಕೇಳುತ್ತಾರೆ. ಇಬ್ಬರನ್ನೂ ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾವಿಲ್ಲ.

---

ಕಾನೂನು ಕಡತ ಉತ್ತರ:

ಕಾನೂನಿನ ಪ್ರಶ್ನೆಯಿಂದ ಶುರು ಮಾಡುತ್ತೇನೆ, ತೋಟದವರ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಇದೆ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಟ್ರಸ್ಟ್‌ಗಳಿಗೆ ವಿನಾಯಿತಿ ಕೊಟ್ಟಿಲ್ಲ. ಲಾಭಕ್ಕೆ ನಡೆಯುವುದೋ ಸೇವೆಗೆ ನಡೆಯುವುದೋ ಅನ್ನುವುದು ಲೆಕ್ಕಕ್ಕಿಲ್ಲ. ಯಾವ ಉದ್ದೇಶಕ್ಕೆ, ಹೇಗೆ ಡೇಟಾ ಬಳಸಬೇಕು ಅಂತ ತೀರ್ಮಾನಿಸುವವರು ಹೊಣೆಗಾರರು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸೂಚನೆ, ಒಪ್ಪಿಗೆ, ಭದ್ರತೆ ಮುಂತಾದ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇದೆ, ಅಂದರೆ 2027ರ ಮೇ. ಬರೀ ಕಾಗದದಲ್ಲಿರುವುದಕ್ಕೆ ಈ ಕಾಯ್ದೆ ಅನ್ವಯಿಸದು. ಆದರೆ ಆ ಪುಟವನ್ನು ಶೀಟ್‌ಗೆ ಏರಿಸಿದ ಅಥವಾ ಫೋಟೋ ತೆಗೆದ ಕ್ಷಣ ಅನ್ವಯಿಸುತ್ತದೆ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೆ ಅಂತ ಇದೆ. ಅದು ಗರಿಷ್ಠ ಮಿತಿ. ಲೋಪದ ಗಾತ್ರ, ತಗ್ಗಿಸಲು ಮಾಡಿದ ಪ್ರಯತ್ನ ನೋಡಿ ಡೇಟಾ ಸಂರಕ್ಷಣಾ ಮಂಡಳಿ ತೀರ್ಮಾನಿಸುತ್ತದೆ.

2027ರವರೆಗೆ ಕಾಯಬಹುದು ಅಂದುಕೊಳ್ಳಬೇಡಿ, ಈಗಾಗಲೇ ಜಾರಿಯಲ್ಲಿರುವ ಕಾನೂನುಗಳಿವೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿ. ಅದರ 8ನೇ ಕಲಂ ಪ್ರಕಾರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ಸ್ಥಿತಿಯನ್ನೂ ಹೊರಗೆಡಹುವಂತಿಲ್ಲ. ಚಿಕಿತ್ಸೆಗೆ ಅಗತ್ಯವಾದಾಗ ಇನ್ನೊಬ್ಬ ವೈದ್ಯರಿಗೆ ಹೇಳುವುದು, ನ್ಯಾಯಾಲಯದ ಆದೇಶ, ಇಂಥ ಕೆಲವೇ ವಿನಾಯಿತಿಗಳು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ. 24ನೇ ಕಲಂ ಪ್ರಕಾರ ಚಿಕಿತ್ಸೆ ಪಡೆಯುವವರ ಫೋಟೋ, ವಿವರ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಹೋಗಬಾರದು. ನಿಮ್ಮ ಜೊತೆ ಬರುವ ವೈದ್ಯರಿಗೆ 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯ ಗೋಪ್ಯತೆಯ ಕಟ್ಟು ಪ್ರತ್ಯೇಕವಾಗಿ ಇದೆ.

ಕ್ಷಯದಲ್ಲಿ ಒಂದು ವ್ಯತ್ಯಾಸ. 2012ರಿಂದ ಅದು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆ, ಸರ್ಕಾರದ ಟಿ.ಬಿ. ಜಾಲತಾಣ ನಿಕ್ಷಯ್‌ನಲ್ಲಿ ದಾಖಲಾಗುತ್ತದೆ. ಇದಕ್ಕೆ ‘ಒಪ್ಪಿಗೆ ಇದೆಯೇ’ ಅಂತ ರೋಗಿಯನ್ನು ಕೇಳುವುದು ಅವರಿಗೆ ಇಲ್ಲದ ಆಯ್ಕೆ ತೋರಿಸಿದಂತೆ. ‘ಇದನ್ನು ಇಲಾಖೆಗೆ ತಿಳಿಸಲೇಬೇಕು, ಬೇರೆ ಯಾರಿಗೂ ಹೇಳುವುದಿಲ್ಲ’ ಅಂತ ಮೊದಲೇ ಹೇಳಿ. ತಿಳಿಸಬೇಕಾದ್ದು ಆರೋಗ್ಯ ಇಲಾಖೆಗೆ ಮಾತ್ರ. ತೋಟದ ಮಾಲೀಕರು, ಪಂಚಾಯತಿ ಸದಸ್ಯರು, ಸಂಘದ ಅಧ್ಯಕ್ಷರು ಇಲಾಖೆಯಲ್ಲ.

ಒಪ್ಪಿಗೆ ಕೇಳುವಾಗ ಎಲ್ಲವನ್ನೂ ಒಂದೇ ಸಹಿಗೆ ಕಟ್ಟಬೇಡಿ. ತಪಾಸಣೆಯ ದಾಖಲೆಗೆ ಒಂದು, ಆಸ್ಪತ್ರೆಗೆ ಕಳಿಸುವಾಗ ವಿವರ ಹಂಚಲು ಒಂದು, ಫೋಟೋಗೆ ಇನ್ನೊಂದು. ಮೂರಕ್ಕೂ ಬೇರೆ ಬೇರೆ ‘ಹೌದು–ಬೇಡ’ ಇರಲಿ. ಫೋಟೋ ಬೇಡ ಅಂದವರಿಗೂ ಔಷಧಿ ಸಿಗಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವ ದಾರಿ ಇರಬೇಕು ಅಂತ ಡೇಟಾ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಬಾಯಲ್ಲಿ ಒಪ್ಪಿದವರು ಬಾಯಲ್ಲೇ ಬೇಡ ಅನ್ನುವಂತಿರಲಿ, ಕುಶಾಲನಗರದ ಕಚೇರಿಗೆ ಬಂದು ಅರ್ಜಿ ಕೊಡಿ ಅನ್ನಬೇಡಿ.

ಓದಿ ಹೇಳಲು ಇಷ್ಟು ಸಾಕು: ‘ನಿಮ್ಮ ಹೆಸರು, ವಯಸ್ಸು, ಫೋನ್, ಬಿ.ಪಿ., ಶುಗರ್ ಎಷ್ಟು ಅನ್ನುವುದನ್ನು ಬರೆದುಕೊಳ್ಳುತ್ತೇವೆ. ಮುಂದಿನ ಸಲ ಬಂದಾಗ ಹೋಲಿಸಿ ನೋಡುವುದಕ್ಕೆ. ನಮ್ಮ ನರ್ಸ್ ಮತ್ತು ಡಾಕ್ಟರ್ ಮಾತ್ರ ನೋಡುತ್ತಾರೆ, ತೋಟದವರಿಗೆ ಕೊಡುವುದಿಲ್ಲ. ಬರೆದುಕೊಳ್ಳುವುದು ಬೇಡ ಅಂದರೂ ತಪಾಸಣೆ ಮಾಡುತ್ತೇವೆ. ಆಮೇಲೆ ಅಳಿಸಬೇಕು ಅನಿಸಿದರೆ, ದೂರು ಇದ್ದರೆ ಈ ನಂಬರಿಗೆ ಹೇಳಿ.’ ದೂರು ಮಂಡಳಿಗೂ ಹೋಗಬಹುದು ಅನ್ನುವುದನ್ನು ಚೀಟಿಯಲ್ಲಿ ಅಚ್ಚು ಹಾಕಿ.

ಭಾಷೆಯ ವಿಷಯದಲ್ಲಿ ಕಾಯ್ದೆ ಹೇಳುವುದು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳು. ಕನ್ನಡ, ಮಲಯಾಳಂ ಅದರಲ್ಲಿವೆ, ತೋಟಕ್ಕೆ ಬರುವ ಅಸ್ಸಾಂ ಕಡೆಯವರಿಗೆ ಅಸ್ಸಾಮಿ, ಬಂಗಾಳಿಯೂ ಇವೆ. ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬರ ನುಡಿ ಯಾವುದೂ ಇಲ್ಲ. ಕಾನೂನಿಗೆ ಕನ್ನಡದ ಚೀಟಿ ಸಾಕಾಗಬಹುದು, ಹಾಡಿಯ ಅಜ್ಜಿಗೆ ಸಾಲದು. ಅವರ ನುಡಿಯಲ್ಲೇ ಒಬ್ಬರು ಹೇಳಬೇಕು. ಹೇಳುವವರು ಅದೇ ಹಾಡಿಯವರಾದರೆ ಅವರೂ ಗೋಪ್ಯತೆಯ ಮಾತು ಕೊಟ್ಟು ಸಹಿ ಹಾಕಿರಬೇಕು. ಒಪ್ಪಿಗೆಯ ಮಾತನ್ನು ಅವರಿಂದ ಹೇಳಿಸಿ, ಫಲಿತಾಂಶ ಹೇಳುವಾಗ ಅವರನ್ನು ಹೊರಗೆ ಕಳಿಸಿ. ರೋಗಿಯೇ ಜೊತೆಗಿರಲಿ ಅಂದರೆ ಮಾತ್ರ ಇರಲಿ.

18 ವರ್ಷದೊಳಗಿನವರಿಗೆ ತಂದೆತಾಯಿ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಆಸ್ಪತ್ರೆ, ಕ್ಲಿನಿಕ್, ವೈದ್ಯಕೀಯ ವೃತ್ತಿಯವರಿಗೆ ಮಗುವಿನ ಆರೋಗ್ಯ ಕಾಪಾಡಲು ಬೇಕಾದಷ್ಟಕ್ಕೆ ನಿಯಮಗಳಲ್ಲಿ ವಿನಾಯಿತಿ ಇದೆ. ಆಶ್ರಮ ಶಾಲೆಯಲ್ಲಿ ಶಿಬಿರ ಮಾಡುವ ಸ್ವಯಂಸೇವಕರು ಆ ವಿನಾಯಿತಿಯನ್ನು ನಂಬಿ ಕೂರಬಾರದು.

---

ಬೆಟ್ಟದ ನೆಲ್ಲಿ:

ತೋಟದವರ ಪಟ್ಟಿಯ ಬಗ್ಗೆ. ‘ಕೊಡುವುದಿಲ್ಲ’ ಅನ್ನುವುದನ್ನು ಶಿಬಿರ ಮುಗಿದ ಮೇಲೆ ಹೇಳಿದರೆ ಜಗಳವಾಗುತ್ತದೆ. ಜೀಪು ಕೇಳುವ ದಿನವೇ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ: ಎಷ್ಟು ಮಂದಿ ನೋಡಿದೆವು ಅನ್ನುವ ಒಟ್ಟು ಸಂಖ್ಯೆ ಸಿಗುತ್ತದೆ, ಹೆಸರುಗಳು ಸಿಗುವುದಿಲ್ಲ. ಅವರ ಆತಂಕ ಹೆಚ್ಚಾಗಿ ‘ಉಳಿದವರಿಗೆ ಹರಡಿದರೆ?’ ಅನ್ನುವುದು. ಅದಕ್ಕೆ ನೇರ ಉತ್ತರ ಇದೆ. ರೋಗಿಯ ಮನೆಯವರ, ಹತ್ತಿರದವರ ತಪಾಸಣೆಯನ್ನು ಇಲಾಖೆಯವರು ಮಾಡುತ್ತಾರೆ, ಸರಿಯಾದ ಔಷಧಿ ಶುರುವಾದರೆ ಹರಡುವ ಸಾಧ್ಯತೆ ಬೇಗ ಇಳಿಯುತ್ತದೆ. ಮಾಲೀಕರು ಮಾಡಬಹುದಾದ ಕೆಲಸ ಲೈನ್‌ಮನೆಯ ಕಿಟಕಿ ತೆಗೆಸುವುದು, ಒಂದು ಕೋಣೆಯಲ್ಲಿ ಎಂಟು ಮಂದಿ ಮಲಗುವುದನ್ನು ತಪ್ಪಿಸುವುದು. ಇದಕ್ಕೆ ಯಾರ ಹೆಸರೂ ಬೇಡ.

ದಾನಿಗಳು ಟಿ.ಬಿ. ರೋಗಿಗಳಿಗೆ ನೆರವಾಗುವ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಆಹಾರದ ಕಿಟ್ ಕೊಡುತ್ತಿದ್ದರೆ ಅಲ್ಲೂ ರೋಗಿಯ ಒಪ್ಪಿಗೆ ಪಡೆದೇ ದಾನಿಯ ಜೊತೆ ಜೋಡಿಸುವುದು ಕ್ರಮ. ಲೈನಿನ ಇಪ್ಪತ್ತು ಮನೆಗಳಲ್ಲಿ ಒಂದೇ ಮನೆ ಮುಂದೆ ಟ್ರಸ್ಟಿನ ಹೆಸರು ಬರೆದ ಜೀಪು ನಿಂತು ಕಿಟ್ ಇಳಿದರೆ ಪಟ್ಟಿ ಕೊಟ್ಟಷ್ಟೇ ಆಯಿತು. ಗುರುತಿಲ್ಲದ ಚೀಲದಲ್ಲಿ ಹಾಕಿ ಆರೋಗ್ಯ ಕೇಂದ್ರದಿಂದಲೇ ಒಯ್ಯಲು ಬಿಡಿ, ಇಲ್ಲವೇ ಸಂತೆಯ ದಿನ ಪೇಟೆಯಲ್ಲಿ ಕೊಡಿ.

ಸಿಕಲ್ ಸೆಲ್‌ನಲ್ಲಿ ಇನ್ನೂ ಸೂಕ್ಷ್ಮ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದವರೆಗಿನವರ ತಪಾಸಣೆ ನಡೆಯುತ್ತದೆ. ವಾಹಕ ಅಂತ ಬಂದವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರದು. ಆದರೆ ಮಗು ವಾಹಕ ಅಂದರೆ ತಂದೆತಾಯಿಯಲ್ಲಿ ಒಬ್ಬರಾದರೂ ಆ ಜೀನ್ ಹೊತ್ತವರು ಅಂತ ಅರ್ಥ. ಒಬ್ಬರ ಫಲಿತಾಂಶ ಮನೆಮಂದಿಯ ಗುಟ್ಟನ್ನೆಲ್ಲ ಹೇಳಿಬಿಡುತ್ತದೆ, ಮದುವೆ ಮಾತುಕತೆಗೆ ಹೋಗಿ ತಟ್ಟುತ್ತದೆ. ಕಾರ್ಡ್‌ಗಳನ್ನು ಹಾಡಿಯ ಮುಖಂಡರ ಕೈಗೆ ಕಟ್ಟಾಗಿ ಕೊಟ್ಟು ‘ಹಂಚಿಬಿಡಿ’ ಅನ್ನಬೇಡಿ. ಒಬ್ಬೊಬ್ಬರಿಗೆ, ಅವರ ಕೈಗೇ, ಆಪ್ತಸಲಹೆಯ ಜೊತೆ ಕೊಡಿ. ಶಾಲೆಯಲ್ಲಿ ತರಗತಿಯೊಳಗೆ ಹೆಸರು ಓದಿ ಹಂಚುವುದೂ ಬೇಡ.

ದಾನಿಗಳಿಗೆ ಫೋಟೋ ಬೇಕೆಂದರೆ ಕೈ, ಬಿ.ಪಿ. ಯಂತ್ರ, ಹಿಂದಿನಿಂದ ತೆಗೆದ ಸಾಲು ಸಾಕು. ಹಿನ್ನೆಲೆಯಲ್ಲಿ ತೋಟದ ಬೋರ್ಡ್, ಶಾಲೆಯ ಹೆಸರು ಕಾಣದಿರಲಿ, ಕ್ಯಾಮೆರಾದ ಲೊಕೇಶನ್ ಆಫ್ ಇರಲಿ. ಚಿಕಿತ್ಸೆಗೆ ಹಣ ಎತ್ತುವ ಪೋಸ್ಟ್‌ನಲ್ಲಿ ಆಸ್ಪತ್ರೆ ಬಿಲ್ಲನ್ನು ಹಾಗೇ ಹಾಕುವುದು ಬಹಳ ಅಪಾಯ. ಅದರಲ್ಲಿ ಆಸ್ಪತ್ರೆ ಸಂಖ್ಯೆ, ವಿಳಾಸ, ಫೋನ್ ಎಲ್ಲ ಇರುತ್ತದೆ. ಅದನ್ನೇ ನಕಲು ಮಾಡಿ ಕ್ಯೂಆರ್ ಕೋಡ್ ಬದಲಿಸಿ ಹಣ ಎತ್ತುವವರಿದ್ದಾರೆ.

---

ಮಡಿಕೇರಿ ಮಂಜು:

ಮೇಲೆ ‘ಒಟ್ಟು ಸಂಖ್ಯೆ ಕೊಡಿ’ ಅಂದಿದ್ದಕ್ಕೆ ಒಂದು ತಿದ್ದುಪಡಿ. ಸಣ್ಣ ತೋಟದಲ್ಲಿ ‘24 ಮಂದಿಯಲ್ಲಿ 1 ಟಿ.ಬಿ.’ ಅಂತ ಕೊಟ್ಟರೆ ಯಾರು ಕೆಮ್ಮುತ್ತಿದ್ದರು ಅಂತ ಎಲ್ಲರಿಗೂ ನೆನಪಿರುತ್ತದೆ. ತೋಟವಾರು ಕಾಯಿಲೆಯ ಲೆಕ್ಕ ಕೊಡಲೇಬೇಡಿ, ‘24 ಮಂದಿಯ ತಪಾಸಣೆ ಆಯಿತು’ ಅಷ್ಟೇ.

ವಾರ್ಷಿಕ ವರದಿಯಲ್ಲೂ 5ಕ್ಕಿಂತ ಕಡಿಮೆ ಇರುವ ಅಂಕಿ ಅಚ್ಚಾಗಬಾರದು. ಬರೀ ಅದನ್ನು ಮುಚ್ಚಿದರೆ ಸಾಲದು. ಉದಾಹರಣೆಗೆ ಮಡಿಕೇರಿ 16, ವಿರಾಜಪೇಟೆ 11, ಸೋಮವಾರಪೇಟೆ 9, ಕುಶಾಲನಗರ 8, ಪೊನ್ನಂಪೇಟೆ ‘—’, ಒಟ್ಟು 47 ಅಂತ ಹಾಕಿದರೆ ಯಾರಾದರೂ ಕಳೆದು ನೋಡಿ 3 ಅನ್ನುತ್ತಾರೆ. ವಿರಾಜಪೇಟೆ–ಪೊನ್ನಂಪೇಟೆ ಸೇರಿಸಿ 14 ಅಂತ ಹಾಕಿ. ‘ನಾಪೋಕ್ಲು ಕಡೆಯ 43 ವರ್ಷದ ಕಾಫಿ ಬೆಳೆಗಾರ, ಕಿಡ್ನಿ ಕಸಿ ಆದವರು’ ಅಂತ ಹೆಸರು ಬಿಟ್ಟು ಬರೆದ ಯಶೋಗಾಥೆಯೂ ಇದೇ ತಪ್ಪು. ಆರೇಳು ಲಕ್ಷವೂ ಇಲ್ಲದ ಜಿಲ್ಲೆ ನಮ್ಮದು, 2011ರ ಜನಗಣತಿಯಲ್ಲಿ ಸುಮಾರು 5.54 ಲಕ್ಷ. ಊರು, ವಯಸ್ಸು, ಕಸುಬು ಮೂರರಲ್ಲಿ ಎರಡನ್ನಾದರೂ ಸಡಿಲಿಸಬೇಕು.

---

ಹಾರಂಗಿ ದಡ:

ಕೊನೆಯದೊಂದು. ಇಷ್ಟೆಲ್ಲ ಮಾಡಿಯೂ ನರ್ಸ್ ಒಬ್ಬರ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಆ ದಿನ ಏನು ಮಾಡಬೇಕು?

---

ಕಾನೂನು ಕಡತ:

ಮೊದಲ ಗಂಟೆಯಲ್ಲಿ: ಬೇರೆ ಫೋನಿನಿಂದ ಗೂಗಲ್‌ನ ‘ಫೈಂಡ್’ ಸೇವೆಗೆ ಹೋಗಿ ದೂರದಿಂದಲೇ ಬೀಗ ಹಾಕಿ ಅಥವಾ ಅಳಿಸಿ. ಟ್ರಸ್ಟ್ ಖಾತೆಯಿಂದ ಆ ಸಾಧನವನ್ನು ಲಾಗ್‌ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿ. ಸಿಮ್ ನಿಲ್ಲಿಸಿ, ಪೊಲೀಸ್ ದೂರು ಕೊಟ್ಟು ಕಳೆದ ಫೋನುಗಳನ್ನು ತಡೆಯುವ ಸರ್ಕಾರಿ ಸಿಇಐಆರ್ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತು ಸಂಖ್ಯೆ) ಬ್ಲಾಕ್ ಮಾಡಿಸಿ. ಹಾಗಾಗಿ ಎಲ್ಲ ಫೋನುಗಳ ಐಎಂಇಐ ಸಂಖ್ಯೆ ಈಗಲೇ ಬರೆದಿಡಿ. ಬಲವಾದ ಪಿನ್ ಇದ್ದು, ಫಾರ್ಮ್‌ಗಳು ಗೂಢಲಿಪಿಯಲ್ಲಿದ್ದರೆ ಹಾನಿ ಸಣ್ಣದು. ಪ್ಯಾಟರ್ನ್ ಲಾಕ್ ಬೇಡ, ಗಾಜಿನ ಮೇಲಿನ ಬೆರಳಿನ ಗೆರೆಯಿಂದಲೇ ಊಹಿಸುತ್ತಾರೆ.

ಅದೇ ದಿನ ಒಂದು ಪುಟ ಬರೆಯಿರಿ. ಯಾವಾಗ, ಎಲ್ಲಿ, ಅದರಲ್ಲಿ ಯಾರ ಯಾವ ಮಾಹಿತಿ ಇತ್ತು, ಬೀಗ ಇತ್ತೇ, ಏನು ಮಾಡಿದೆವು. ಹೊಸ ನಿಯಮಗಳು ಪೂರ್ತಿ ಜಾರಿಯಾದ ಮೇಲೆ ಸೋರಿಕೆಯನ್ನು ಮಂಡಳಿಗೂ ಬಾಧಿತರಿಗೂ ತಡಮಾಡದೆ ತಿಳಿಸಬೇಕು, ವಿವರವಾದ ವರದಿ ಮಂಡಳಿಗೆ 72 ಗಂಟೆಯೊಳಗೆ. ‘ಸಣ್ಣದು, ಬಿಡಿ’ ಅನ್ನುವ ವಿನಾಯಿತಿ ಅದರಲ್ಲಿ ಇಲ್ಲ. ಇದಲ್ಲದೆ, ಸೈಬರ್ ದಾಳಿಯ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂಬ ಸರ್ಟ್-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ 2022ರಿಂದಲೇ ಇದೆ. ಖಾತೆಗೆ ಯಾರೋ ನುಗ್ಗಿದ್ದು ಕಂಡರೆ ಅದನ್ನೂ ನೋಡಿಕೊಳ್ಳಿ.

ಬಾಧಿತರಿಗೆ ತಿಳಿಸುವುದನ್ನು ಮಾತ್ರ ಸಂದೇಶದಲ್ಲಿ ಮಾಡಬೇಡಿ. ಫೋನು ಮೇಸ್ತ್ರಿಯದ್ದಾದರೆ ಆ ಸಂದೇಶವೇ ಎರಡನೇ ಸೋರಿಕೆ. ನರ್ಸ್ ಖುದ್ದಾಗಿ ಹೋಗಿ, ಒಬ್ಬೊಬ್ಬರನ್ನೇ ಕರೆದು, ಏನು ಹೋಯಿತು, ನಾವೇನು ಮಾಡಿದೆವು, ನೀವೇನು ಎಚ್ಚರ ವಹಿಸಬೇಕು ಅಂತ ಹೇಳಿ ಬರಲಿ. ಯಾವ ದಿನ ಯಾರಿಗೆ ಹೇಳಿದೆವು ಅನ್ನುವುದನ್ನು ಹೆಸರಿನಲ್ಲಲ್ಲ, ಕೋಡ್‌ನಲ್ಲಿ ಬರೆದಿಡಿ.